ಇರುವೆಗಳು ಹಿಡಿದುಕೊಟ್ಟ ಶರಣರು

ನಾನು ರೊಟ್ಟಿ ಬಡಿಯುತ್ತಿದ್ದೆ. ಮಾವನವರನ್ನು ಬಂಡಿಯಲ್ಲಿ ಸೇಡಮ್ಮಿನ ಹಕೀಮರಿಗೆ ತೋರಿಸಿಕೊಂಡು ಬಂದ ನಮ್ಮ ಮನೆಯವರು ಬಾಗಿಲಲ್ಲೇ ನಿಂತು, “ನಿನ್ನ ಶರಣರಿಗೆ ಸಕ್ಕರಿ ಬ್ಯಾನಿ ಅದ ಅಂತ!” ಎಂದರು. ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು.

ಮಾವನವರನ್ನು ಶರಣರನ್ನಾಗಿ ಮಾಡಿದ ಪಾಪ ನನ್ನದೇ. ಬೆಳಗಿನ ಪೂಜೆಗೂ ಗೊಣಗುತ್ತಿದ್ದ ಮನುಷ್ಯ ಶ್ರಾವಣದಿಂದ ರಾತ್ರಿಗೆ ಐದು ಸಲ ಏಳತೊಡಗಿದರು. ಹೊರಗೆ ಹೋಗಿ ಬಂದವರು ಕೈಕಾಲು ತೊಳೆಯಬೇಕಲ್ಲ? ತೊಳೆದ ಮೇಲೆ ಬರಿಹಣೆಯಲ್ಲಿ ಮಲಗಬಹುದೆ? ವಿಭೂತಿ! ವಿಭೂತಿ ಹಚ್ಚಿದ ಮೇಲೆ “ಶಿವ ಶಿವ” ಎನ್ನದಿದ್ದರೆ ಹೇಗೆ? ಅದನ್ನಂತೂ ಊರಿಗೇ ಕೇಳುವಂತೆ ಅನ್ನುತ್ತಿದ್ದರು. ಗೋಡೆಯಾಚೆ ಮಲಗಿದ್ದ ನಾನು, ಅವರು ಹೊರಗೆ ಹೋಗುತ್ತಿದ್ದ ಸಂಗತಿಯನ್ನು ಬಿಟ್ಟು ಬರೀ ನಾಮಸ್ಮರಣೆಯನ್ನು ಹಿಡಿದುಕೊಂಡು, ಮಾವ ಶರಣರಾದರೆಂದು ಬಾವಿಯ ಕಟ್ಟೆಯ ಮೇಲೆ ಹೇಳಿಬಿಟ್ಟೆ.

ಮರುದಿನವೇ ಓಣಿಯ ಹೆಂಗಸರು ಹುಗ್ಗಿ ತಂದರು. ಕಾಳಗಿ ಊರಿನವರು ಬೆಲ್ಲದ ಅಚ್ಚನ್ನೇ ಪಾದದ ಬಳಿ ಇಟ್ಟರು. ತಹಸೀಲ ಕಚೇರಿಯ ಪೇಶಕಾರರು ಜಿಲೇಬಿ ಕಳಿಸಿದರು. “ಭಕ್ತರ ಮನಸ್ಸು ನೋಯಿಸಬಾರದು ನೋಡವ್ವ” ಎಂದು ಮಾವ ಒಂದನ್ನೂ ಬಿಡಲಿಲ್ಲ. ತಿಂದಷ್ಟೂ ಏಳುವುದು ಹೆಚ್ಚಿತು, ಎದ್ದಷ್ಟೂ ಭಕ್ತರು ಹೆಚ್ಚಿದರು!

ತಲೆದೆಸೆಗೆ ತುಂಬಿಟ್ಟ ಕೊಡ ಬೆಳಗಾಗುವುದರೊಳಗೆ ಬರಿದು. ತಪಸ್ಸಿನ ಕಾವು ಅಂದುಕೊಂಡೆ. ಧೋತರ ಸೊಂಟದಲ್ಲಿ ನಿಲ್ಲದಾಯಿತು. ಜಿಲೇಬಿ ತಿಂದು ದೇಹ ಕರಗಿಸಿದ ಶರಣರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

“ರಾತ್ರಿ ಅಂಗಾಲು ಉರಿಯಾಕತ್ತಾವವ್ವ.”

“ಭಾಳ ಮಂದಿ ಪಾದ ಮುಟ್ಟಾಕತ್ಯಾರಲ್ರಿ, ಮಾವ!”

ಕೊನೆಗೆ ಇರುವೆಗಳೂ ಬಂದವು. ಕೊಟ್ಟಿಗೆಯ ಹಿಂದೆ, ಮಾವ ರಾತ್ರಿ ಒಂದಕ್ಕೆ ಹೋಗಿ ಕೂರುವ ಶಹಾಬಾದ್ ಪರಸಿಗಲ್ಲಿನ ಮೇಲೆ, ಬೆಳಗಾದರೆ ಕರಿ ಸಾಲು. ದರ್ಶನಕ್ಕೆ ಬಂದ ಜೀವಗಳೆಂದು ನಾನು ಒಂದು ಹಿಡಿ ರವೆ ಚೆಲ್ಲಿ ಕೈಮುಗಿದೆ. ಅವು ರವೆಯನ್ನು ಮೂಸಿಯೂ ನೋಡಲಿಲ್ಲ. ಅವಕ್ಕೆ ಮಾವನ ಪ್ರಸಾದವೇ ಬೇಕು! ಈ ಮಹಿಮೆಯನ್ನು ನಮ್ಮವರಿಗೆ ಹೇಳಿದೆ. ಅವರು ನಗಲಿಲ್ಲ. ಮರುದಿನ ನಸುಕಿನಲ್ಲೇ ಬಂಡಿ ಹೂಡಿದರು.

“ಹಕೀಮಸಾಬ್ರು ಏನಂದ್ರು ರೀ?” ಎಂದೆ, ಕರಿ ರೊಟ್ಟಿ ತೆಗೆಯುತ್ತ.

“ನಿಮ್ಮ ಮನಿ ಮಂದಿಗಿಂತ ಇರುವಿ ಶಾಣ್ಯಾ ಅವ ಅಂದ್ರು. ಇವತ್ತಿನಿಂದ ಸಿಹಿ ಬಂದ್. ಇನ್ನೊಂದು ಶ್ರಾವಣ ಹಿಂಗೇ ನಡದಿದ್ರ ಕಣ್ಣು ಹೋಗ್ತಿದ್ವು, ಇಲ್ಲಾ ಜೀವಾನೇ ಹೋಗ್ತಿತ್ತಂತ.”

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಮಾವ ಮೆಲ್ಲಗೆ ಒಳಗೆ ಬಂದು ಒಲೆಯ ಎದುರು ಕುಳಿತರು.

“ನನ್ನ ಭಕ್ತಿ ಎಷ್ಟಂತ ನನಗ ಗೊತ್ತಿತ್ತವ್ವ” ಎಂದರು.

“ಮತ್ತ ಶಿವ ಶಿವ ಅಂತಿದ್ರಲ್ರಿ?”

“ಕತ್ತಲಾಗ ಏಳೂ ಮುಂದ ಕಾಲು ನಡಗ್ತಿದ್ವು. ಎಲ್ಲಿ ಬೀಳ್ತೀನೋ ಅಂತ ಅಂಜಿಕಿ. ನಿಮ್ಮತ್ತಿ ಇದ್ದಾಗ ಆಕೀನ ಎಬ್ಬಸ್ತಿದ್ದೆ. ಸೊಸೀನ ಹ್ಯಾಂಗ ಎಬ್ಬಸ್ಲಿ? ಅದಕ್ಕ ನಿನಗ ಕೇಳ್ಲಿ ಅಂತ ಶಿವನ್ನ ಜೋರಾಗಿ ಕರೀತಿದ್ದೆ.”

ನನಗೆ ಕೇಳಿತ್ತು. ಪ್ರತಿ ರಾತ್ರಿ, ಐದೂ ಸಲ ಕೇಳಿತ್ತು. ಮಲಗಿದಲ್ಲೇ ಕೈಮುಗಿದು ಮಗ್ಗುಲಾಗಿದ್ದೆ.

ಮಾವನ ಜೀವ ಇನ್ನೂ ಉಳಿದಿದೆ, ಅವರ ಕಣ್ಣಿಗೆ ನಾನು ಕಾಣುತ್ತಿದ್ದೇನೆ, ಆ ಇರುವೆಗಳು ನನ್ನ ರವೆಗೆ ಮರುಳಾಗಲಿಲ್ಲ. ಶಿವ ಇಷ್ಟು ಕೊಟ್ಟಿದ್ದ. ಬೆಲ್ಲವಿಲ್ಲದ ರೊಟ್ಟಿ ಬಡಿಸಿ, ಕೈ ತೊಳೆದು, ಇನ್ನು ರಾತ್ರಿ ಅವರ ಬಾಗಿಲಲ್ಲಿ ಇಡಬೇಕಾದ ಕಂದೀಲಿನ ಗಾಜು ಒರೆಸಲು ಕುಳಿತೆ.