ಮಗಳಿಗೆ ಬಾರದ ಭಾಷೆ

ಶಾಲೆಯವರಿಗೆ ನಮ್ಮ ಮನೆ ಕೆಡವುವ ಆಸೆಯಿದ್ದರೆ ನೇರವಾಗಿ ಬುಲ್‌ಡೋಜರ್ ಕಳಿಸಬಹುದಿತ್ತು. ನಾನು ಬಾಗಿಲಿಗೆ ಅಡ್ಡ ಮಲಗುತ್ತಿದ್ದೆ. ನನ್ನ ಹೆಂಡತಿ ನಿಮಿಯಾ ಪಕ್ಕದಲ್ಲಿ ನಿಂತು ನಾಲ್ಕು ಮಾತು ಬೈದಿದ್ದರೆ ಡ್ರೈವರ್ ಗಾಡಿ ಬಿಟ್ಟು ಓಡುತ್ತಿದ್ದ. ಅವರು ಹಾಗೆ ಮಾಡಲಿಲ್ಲ. ಒಂದು ಗಿಳಿಯನ್ನು ಕಳಿಸಿದರು. ಹಸಿರು ಗಿಳಿ, ತಲೆಗೆ ಹುಲ್ಲಿನ ಟೋಪಿ, ವಾಸ ಮೊಬೈಲಿನೊಳಗೆ.

ಕಲಿಕೆಯ ತಂತ್ರಾಂಶವಂತೆ. ನನ್ನ ಮಗಳು ಪನಾಂಬಿಯ ಟೀಚರ್ ದಿಗ್ನಾ ಅವರು ಪೋಷಕರನ್ನೆಲ್ಲ ಸೇರಿಸಿ ಅದನ್ನು ಲೋಕಾರ್ಪಣೆ ಮಾಡಿದರು. "ಮಕ್ಕಳು ಶಾಲೇಲಿ ನಮ್ಮ ನೆಲದ ಭಾಷೆ ಗ್ವಾರಾನಿ ಕಲೀತಾರೆ, ಮನೆಗೆ ಹೋಗಿ ಮರೀತಾರೆ. ಇನ್ಮೇಲೆ ಮನೇಲೂ ಈ ಗಿಳಿ ಪಾಠ ಹೇಳುತ್ತೆ. ದಿನಾ ಸಂಜೆ ಅರ್ಧ ಗಂಟೆ. ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕೂತಿರ್ಬೇಕು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. (ಗಿಳಿಪಾಠ ಎಂಬ ಮಾತನ್ನು ಇಷ್ಟು ಅಕ್ಷರಶಃ ಯಾರೂ ಜಾರಿಗೆ ತಂದಿರಲಿಲ್ಲ.) ಮನೆಗೆ ನಡೆದು ಬರುವಾಗ ಅರ್ಧ ದಾರಿಯಲ್ಲಿ ಗಕ್ಕನೆ ನಿಂತೆ. ಪನಾಂಬಿಗೆ ಗ್ವಾರಾನಿ ಬಂದುಬಿಟ್ಟರೆ ನಮ್ಮ ಗತಿಯೇನು?

ನಿಮಗೆ ಅರ್ಥವಾಗಬೇಕಾದರೆ ನಮ್ಮ ಮನೆಯ ವಾಸ್ತು ಹೇಳಬೇಕು. ಪಿರಾಯು ಊರಿನಲ್ಲಿ ನಮ್ಮದು ಒಂದೇ ದೊಡ್ಡ ಕೋಣೆಯ ಮನೆ. ಅಡುಗೆ, ಊಟ, ನಿದ್ದೆ, ಜಗಳ ಎಲ್ಲವೂ ಅಲ್ಲೇ. ಮಗುವಿನ ಕಿವಿಗೂ ನಮ್ಮ ಬಾಯಿಗೂ ನಡುವೆ ಇದ್ದ ಒಂದೇ ಗೋಡೆ ಗ್ವಾರಾನಿ. ನಾವು ಚಿಕ್ಕವರಿದ್ದಾಗ ಶಾಲೆಯಲ್ಲಿ ಆ ಭಾಷೆ ಆಡಿದರೆ ಬಾಯಿಯ ಮೇಲೆ ಏಟು ಬೀಳುತ್ತಿತ್ತು. ಆ ಪಾಡು ಮಗಳಿಗೆ ಬೇಡ, ಅವಳ ಜೊತೆ ಬರೀ ಸ್ಪ್ಯಾನಿಷ್ ಆಡೋಣ ಎಂದು ಗಂಡ ಹೆಂಡಿರು ತೀರ್ಮಾನಿಸಿದೆವು. ನಮ್ಮಿಬ್ಬರ ದಾಂಪತ್ಯದಲ್ಲಿ ನಾವು ಒಮ್ಮತದಿಂದ ಮಾಡಿದ ತೀರ್ಮಾನ ಅದೊಂದೇ. ಹೆಸರು ಮಾತ್ರ ಗ್ವಾರಾನಿಯದೇ ಇಟ್ಟೆವು. ಪನಾಂಬಿ ಎಂದರೆ ಚಿಟ್ಟೆ. ಹೀಗೆ ಮಗಳಿಗೆ ಸ್ಪ್ಯಾನಿಷ್, ಜಗಳಕ್ಕೆ ಗ್ವಾರಾನಿ ಎಂದು ಭಾಷಾವಾರು ವಿಂಗಡಣೆಯಾಯಿತು. ಊರೆಲ್ಲ ಗ್ವಾರಾನಿ ಆಡುವಾಗ ಮಗುವಿಗೆ ಹೇಗೆ ಬರದಿರುತ್ತದೆ ಎಂದು ನೀವು ಕೇಳಬಹುದು. ನಾವು ಕೇಳಿಕೊಳ್ಳಲಿಲ್ಲ.

ಆ ದಿನಗಳಲ್ಲಿ ಗೋಡೆಯ ಅಗತ್ಯ ಎಂದಿಗಿಂತ ಹೆಚ್ಚಾಗಿತ್ತು. ನಿಮಿಯಾಳ ದೊಡ್ಡಪ್ಪನ ಮಗಳು ಜುಲ್ಮಾ ಸ್ಪೇನಿನ ಮಾಲಗಾದಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ನೀನೂ ಬಾ ಎಂದು ಫೋನಿನಲ್ಲಿ ಅವಳ ಒಂದೇ ವರಾತ. (ಹೆಸರಿಗೆ ತಕ್ಕ ಜುಲುಮೆ.) ಹೋದರೆ ವರ್ಷಗಟ್ಟಲೆ ಹೋದಂತೆಯೇ. ತೀರ್ಮಾನವಾಗುವ ತನಕ ಒಂಬತ್ತು ವರ್ಷದ ಮಗುವಿಗೆ ತಿಳಿಯಬಾರದು. ಆದ್ದರಿಂದ ಊಟಕ್ಕೆ ಕೂತಾಗ ಅವಳ ತಲೆಯ ಮೇಲೆಯೇ ಈ ಚರ್ಚೆ ಗ್ವಾರಾನಿಯಲ್ಲಿ ನಡೆಯುತ್ತಿತ್ತು.

"ಜುಲ್ಮಾ ಇವತ್ತೂ ಕೇಳುದ್ಲು. ಯಾರೋ ಒಂದ್ ಮುದ್ಕಿ ಅವ್ಳಂತೆ, ಜೊತೇಲಿರಾಕೆ ಜನ ಬೇಕಂತೆ. ಏನ್ ಯೋಳ್ಲಿ?"

"ಓಗಂಗಿದ್ರೆ ಓಗು. ನಾನೇನ್ ಅಡ್ಡ ಮನಗಿವ್ನಾ?"

"ನಾನ್ ಓದ್ರೆ ಮಗೀನ್ ಕತೆ?"

"ಯಾಕೆ, ನಾನಿಲ್ವಾ? ಸಾಕ್ತೀನಿ ಬುಡು. ಮನೇಲಿ ಒಸಿ ನೆಮ್ದಿನಾರಾ ಇರ್ತದೆ."

"ನಿನ್ನ ಸತ್ತೋರ ಸಂಬಳದಾಗೆ ಬದ್ಕಿರೋರ ಒಟ್ಟೆ ತುಂಬಾಕಿಲ್ಲ ಅಂತ್ಲೇ ನಾನ್ ಓಯ್ತೀನಿ ಅಂತಿರದು!"

ಆಮೇಲೆ ಅದೇ ಬಾಯಲ್ಲಿ, ಜೇನಿನಂಥ ಸ್ಪ್ಯಾನಿಷಿನಲ್ಲಿ, "ಪುಟ್ಟಿ, ಇನ್ನೊಂಚೂರು ಮರಗೆಣಸು ಹಾಕ್ಲಾ?"

"ಸಾಕಮ್ಮಾ" ಎಂದು ಪನಾಂಬಿ ತಟ್ಟೆಯಿಂದ ತಲೆ ಎತ್ತದೆ ಹೇಳುತ್ತಿದ್ದಳು.

ಸತ್ತವರ ಸಂಬಳ ಎಂದರೆ ನನ್ನ ಉದ್ಯೋಗ. ನಾನು ವಿಲ್ಫ್ರಿದೊ, ಊರಿನ ರೇಡಿಯೋದಲ್ಲಿ ಮರಣವಾರ್ತೆ ಓದುವವನು. ಪಿರಾಯುವಿನಲ್ಲಿ ಯಾರು ಸತ್ತರೂ ನಾನು ಓದಿದ ಮೇಲೆಯೇ ಅಧಿಕೃತವಾಗಿ ಸತ್ತಂತೆ. ನನ್ನ ಕಂಠ ಕೇಳಿ, ಸತ್ತವನ ಮುಖ ನೋಡದವರೂ ಕಣ್ಣೊರೆಸಿಕೊಳ್ಳುತ್ತಾರೆ. ಮನೆಯಲ್ಲಿ ಮಾತ್ರ ಆ ಕಂಠಕ್ಕೆ ಬೆಲೆಯಿಲ್ಲ. ನಿಮಿಯಾ ಸಂಜೆಯ ತನಕ ದವಾಖಾನೆಯಲ್ಲಿ ದಾದಿಯ ಕೆಲಸ ಮಾಡುತ್ತಾಳಾದ್ದರಿಂದ ಗಿಳಿಯ ಪಕ್ಕ ಕೂರುವ ಭಾರ ನನ್ನ ಮೇಲೆ ಬಿತ್ತು.

ನಾನು ಒಂದು ಉಪಾಯ ಹೂಡಿ ಕೂತೆ. ಒಂದು ಕೈಯಲ್ಲಿ ತಣ್ಣನೆಯ ತೆರೆರೆ ಕಷಾಯದ ಲೋಟ, ಇನ್ನೊಂದು ಕೈ ಬಾಯಿಗೆ ಅಡ್ಡ. ಗಿಳಿ ಪದ ಉಚ್ಚರಿಸುವ ಹೊತ್ತಿಗೆ ಸರಿಯಾಗಿ ಕೆಮ್ಮುವುದು, ಮಗುವಿಗೆ ಏನೂ ಕೇಳಿಸದಂತೆ ನೋಡಿಕೊಳ್ಳುವುದು. ಮಗಳು ಫೇಲಾಗಲೆಂದು ಕಾಕುಪೆಯ ಮಾತೆಗೆ ಹರಕೆ ಹೊತ್ತ ಮೊದಲ ತಂದೆ ನಾನೇ ಇರಬೇಕು. ಆದರೆ ಹರಕೆ, ಕೆಮ್ಮು ಎರಡೂ ಬೇಕಾಗಲೇ ಇಲ್ಲ. ಗಿಳಿ ನೀರಿನ ಚಿತ್ರ ತೋರಿಸಿ ಇದೇನು ಎಂದರೆ ಪನಾಂಬಿ ಮೇಕೆ ಎಂದು ಒತ್ತಿದಳು. ಅಜ್ಜಿಯ ಚಿತ್ರಕ್ಕೆ ಸೌದೆ ಎಂದಳು. ಚಂದ್ರನಿಗೆ ಚಪ್ಪಲಿ. ತಪ್ಪಾದಾಗಲೆಲ್ಲ ಗಿಳಿಯ ಕಣ್ಣಿಂದ ಎರಡು ದಪ್ಪ ಹನಿ ಉದುರುತ್ತಿದ್ದವು. ಆ ವಾರವೆಲ್ಲ ಅದು ಅತ್ತೇ ಅತ್ತಿತು.

"ನಿನ್ ಮಗ್ಳಿಗೆ ನಮ್ ಬಾಸೆ ದಕ್ಕಾಕಿಲ್ಲ, ನಿಶ್ಚಿಂತೆಯಾಗಿರು" ಎಂದು ನಿಮಿಯಾಳಿಗೆ ವರದಿ ಒಪ್ಪಿಸಿದೆ. ಅಂದಿನಿಂದ ನಾವು ಇನ್ನೂ ಧಾರಾಳವಾದೆವು. ಹಿಂದೆ ಪಿಸುಗುಟ್ಟುತ್ತಿದ್ದದ್ದನ್ನು ಗಟ್ಟಿಯಾಗಿ ಆಡತೊಡಗಿದೆವು. ಸ್ಪೇನಿನ ಜೊತೆಗೆ ನೆರೆಯವರು, ಬಂಧುಗಳು, ಟೀಚರ್ ದಿಗ್ನಾ ಬಳಿಯುವ ಪೌಡರು, ಎಲ್ಲವೂ ಆ ಮೇಜಿನ ಮೇಲೆ ಬಡಿಸಲ್ಪಟ್ಟವು.

ಇನ್ನೊಂದು ವಿಷಯವಿದೆ, ಹೇಳಲು ಸಂಕೋಚ. ಪಾಠದ ಆ ಅರ್ಧ ಗಂಟೆ ನಿಮಿಯಾ ಮನೆಯಲ್ಲಿ ಇರುತ್ತಿರಲಿಲ್ಲ. ಹೇಳಲಾಗದ ಮಾತು ಹೊಟ್ಟೆಯಲ್ಲಿ ಉಳಿದರೆ ಹಿಟ್ಟಿನಂತೆ ಹುಳಿಯುತ್ತದೆ. ಗೋಡೆಗೆ ಹೇಳಿಕೊಳ್ಳುವುದೂ ಒಂದೇ, ಗ್ವಾರಾನಿ ಬಾರದ ಮಗುವಿಗೆ ಹೇಳಿಕೊಳ್ಳುವುದೂ ಒಂದೇ. ಹೇಳಿಕೊಂಡೆ. ಪನಾಂಬಿ ಗಿಳಿಯನ್ನೇ ನೋಡುತ್ತಾ ಚಂದ್ರನಿಗೆ ಚಪ್ಪಲಿ ಒತ್ತುತ್ತಿದ್ದಳು. ನಾನು ಏನು ಹೇಳಿದೆ ಎನ್ನುವುದು ನಿಮಗೆ ಸದ್ಯಕ್ಕೆ ಬೇಡ.

ನಿಮಿಯಾಳ ಪಾಸ್‌ಪೋರ್ಟ್ ಬಂತು. ಅಂದು ಊಟಕ್ಕೆ ಕೂತಾಗ ಅವಳು ಅದನ್ನು ಮೇಜಿನ ಮೇಲಿಟ್ಟು, "ಸುಕ್ರವಾರದೊಳ್ಗೆ ಉತ್ರ ಯೋಳು ಅಂದವ್ಳೆ ಜುಲ್ಮಾ" ಎಂದಳು.

"ಬತ್ತೀನಿ ಅಂತ ಯೋಳ್ಬುಡು" ಎಂದೆ. ನನ್ನ ಕಂಠ ಆಗ ರೇಡಿಯೋದಲ್ಲಿ ಇರುವಷ್ಟೇ ಗಂಭೀರವಾಗಿತ್ತು. ಹೆಂಡತಿಯ ಕೈಕಾಲು ಕಟ್ಟಿಹಾಕದ ಉದಾರ ಗಂಡ ನಾನು. ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಅದು ಕೃತಜ್ಞತೆ ಎಂದುಕೊಂಡೆ.

ಮಾರನೆಯ ದಿನ ಶಾಲೆಯಿಂದ ಕರೆ ಬಂತು. ಇಬ್ಬರೂ ಬನ್ನಿ ಎಂದು. ಟೀಚರ್ ದಿಗ್ನಾ ನಮ್ಮನ್ನು ಮಕ್ಕಳ ಬೆಂಚಿನ ಮೇಲೆ ಕೂರಿಸಿ ಕಂಪ್ಯೂಟರನ್ನು ನಮ್ಮತ್ತ ತಿರುಗಿಸಿದರು. ಮನೆಯಲ್ಲಿ ಮಕ್ಕಳು ಒತ್ತಿದ್ದೆಲ್ಲ ಗಿಳಿ ಅವರಿಗೆ ಚಾಡಿ ಹೇಳುತ್ತದಂತೆ. ಪನಾಂಬಿಯ ಸಾಲು ಉದ್ದಕ್ಕೂ ಕೆಂಪಾಗಿತ್ತು.

"ಏನ್ ಮಾಡೋದು ಟೀಚರ್, ನಮ್ಮ ವಂಶದಲ್ಲಿ ಭಾಷೆ ನನ್ನೊಬ್ಬನಿಗೇ ಒಲಿದಿದ್ದು" ಎಂದೆ.

"ಇವರನ್ನ ಪಕ್ಕದಲ್ಲಿ ಕೂರಿಸಿಕೊಂಡ್ರೆ ಮಗು ಇನ್ನೇನು ಕಲಿಯುತ್ತೆ?" ಎಂದಳು ನಿಮಿಯಾ.

"ಅದಲ್ಲ ವಿಷಯ" ಎಂದರು ಟೀಚರ್. "ಇವಳ ಕ್ಲಾಸಲ್ಲಿ ಬ್ರೆಜಿಲ್‌ನಿಂದ ಬಂದ ಹುಡುಗಿ ಇದ್ದಾಳೆ. ಗ್ವಾರಾನಿ ಒಂದಕ್ಷರ ಬರಲ್ಲ, ಕಣ್ಮುಚ್ಚಿಕೊಂಡು ಒತ್ತುತ್ತಾಳೆ. ಆದ್ರೂ ಅವಳದ್ದು ಅಲ್ಲೊಂದು ಇಲ್ಲೊಂದು ಸರಿ ಬಿದ್ದಿದೆ. ಪನಾಂಬಿದು ಇಷ್ಟು ದಿನದಲ್ಲಿ ಅಪ್ಪಿತಪ್ಪಿಯೂ ಒಂದು ಸರಿಯಾಗಿಲ್ಲ. ಸರಿ ಯಾವುದು ಅಂತ ಚೆನ್ನಾಗಿ ಗೊತ್ತಿರೋರು ಮಾತ್ರ ಇಷ್ಟು ಕಟ್ಟುನಿಟ್ಟಾಗಿ ತಪ್ಪು ಮಾಡೋಕೆ ಸಾಧ್ಯ."

ನನಗೆ ಅರ್ಥವಾಗಲಿಲ್ಲ. ನಿಮಿಯಾಳಿಗೆ ಆಯಿತು. ಟೀಚರ್ ಅಂಗಳದಿಂದ ಪನಾಂಬಿಯನ್ನು ಕರೆದರು. ಅವಳು ಬಂದು ನಿಂತಾಗ ಮೆಲ್ಲಗೆ ಗ್ವಾರಾನಿಯಲ್ಲೇ ಕೇಳಿದರು, "ಯಾಕ್ ಮಗ, ಬೇಕಂತ್ಲೇ ತಪ್ಪೊತ್ತೀಯಾ?"

ಪನಾಂಬಿ ತನ್ನ ಬೂಟು ನೋಡಿಕೊಂಡಳು. ಆಮೇಲೆ ಅವಳ ಬಾಯಿಂದ ಗ್ವಾರಾನಿ ಬಂತು. ತಡವರಿಕೆಯಿಲ್ಲ, ತೊದಲಿಲ್ಲ, ಸಂತೆಯಲ್ಲಿ ಚಿಪಾ ರೊಟ್ಟಿ ಮಾರುವ ಮುದುಕಿಯಂತೆ ನಿರರ್ಗಳವಾಗಿ ಬಂತು.

"ಸರಿಯಾಗ್ ಒತ್ತಿದ್ರೆ ನಂಗ್ ಬತ್ತದೆ ಅಂತ ಇವ್ರಿಗ್ ಗೊತ್ತಾಯ್ತದೆ. ಆಮ್ಯಾಕೆ ನನ್ ಮುಂದೆ ಮಾತಾಡದ್ ಬುಟ್ಬುಡ್ತಾರೆ. ಅವ್ವ ಯಾವತ್ತು ಓಯ್ತಾಳೆ ಅಂತ ನಂಗೆ ಇನ್ಯಾರ್ ಯೋಳ್ತಾರೆ?"

ನಾನು ಸಾವಿನ ಸುದ್ದಿಗಳನ್ನು ಲೆಕ್ಕವಿಲ್ಲದಷ್ಟು ಓದಿದ್ದೇನೆ. ಒಂದನ್ನೂ ಹೀಗೆ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡಿರಲಿಲ್ಲ. ಮಗು ಇಷ್ಟು ದಿನ ಒಬ್ಬಳೇ ಆ ಭಾರ ಹೊತ್ತು, ಮರಗೆಣಸು ಸಾಕು ಎಂದು ಹೇಳುತ್ತಾ ನಮ್ಮ ನಡುವೆ ಕೂತಿದ್ದಳು. ನಿಮಿಯಾ ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡಳು.

"ಎಲ್ಲಾ ತಿಳೀತದಾ?"

"ಎಲ್ಲಾ. ಟೀಚರ್ ಪೌಡ್ರು ಇಸ್ಯನೂ."

ನಾನೂ ನಿಮಿಯಾಳೂ ಒಟ್ಟಿಗೆ ಕೆಮ್ಮಿದೆವು. ಟೀಚರ್ ದಿಗ್ನಾ ಕಿಟಕಿಯ ಕಡೆ ನೋಡಿ, "ಆ ಭಾಗ ಬಿಟ್ಟು ಮುಂದುವರಿಸಿ" ಎಂದರು.

ನಿಮಿಯಾ ಮಗಳ ಕೂದಲು ಸರಿಮಾಡುತ್ತಾ, "ಅಂಗಾರೆ ನೀನೂ ಕೇಳ್ಸ್ಕಂಡಿದೀಯಲ್ಲ ಮಗ. ನಿಮ್ಮಪ್ಪನೇ ಓಗು ಓಗು ಅಂತಾನೆ. ಬ್ಯಾಡ ಅಂತ ಒಂದ್ ಕಿತನಾರ ಅಂದವ್ನಾ?" ಎಂದಳು.

"ನಿನ್ ಮುಂದೆ ಅಂಗಂತಾನೆ. ನೀನ್ ಬರಾಕ್ ಮುಂಚೆ ಬ್ಯಾರೆ ಅಂತಾನೆ."

"ಟೀಚರಿಗೆ ತಡವಾಗುತ್ತೆ, ಹೊರಡೋಣ ನಡೀರಿ" ಎಂದು ನಾನು ಎದ್ದೆ.

"ಕೂತ್ಕೊಳ್ರೀ!" ಎಂದರು ಇಬ್ಬರು ಹೆಂಗಸರೂ.

ಪನಾಂಬಿ ಗಂಟಲು ಸರಿಮಾಡಿಕೊಂಡು, ರೇಡಿಯೋದ ನನ್ನದೇ ಧ್ವನಿಯಲ್ಲಿ, ವಿರಾಮಗಳ ಸಮೇತ ಒಪ್ಪಿಸಿದಳು. "'ನಿಮ್ಮವ್ವ ಓದ್ರೆ ನಾನ್ ಸತ್ತಂಗೇ. ನನ್ ಸುದ್ದಿ ಓದಾಕೂ ಈ ಊರಾಗೆ ಯಾರೂ ಇಲ್ಲ. ಬಯ್ಯೋರಿಲ್ದಿರೋ ಮನೆ ಒಂದ್ ಮನೆಯಾ? ಅವ್ಳ್ ಎದ್ರಿಗ್ ನಿಂತ್ರೆ ಬಾಯಾಗೆ ಮಾತೇ ವೊಂಡಾಕಿಲ್ಲ.' ಅಂಗಂತ ಯೋಳ್ದ. ಆಮ್ಯಾಕೆ ಅತ್ತ. ಗಿಳಿಗಿಂತ ಜಾಸ್ತಿ ಅತ್ತ."

ನಾನು ಗೋಡೆಯ ಮೇಲಿನ ನಕ್ಷೆಯಲ್ಲಿ ದೇಶದ ನದಿಗಳನ್ನು ಪರಿಶೀಲಿಸತೊಡಗಿದೆ.

"ಮೂದೇವಿ!" ಎಂದಳು ನಿಮಿಯಾ. "ಬ್ಯಾಡ ಅನ್ಲಿ, ಬ್ಯಾಡ ಅನ್ಲಿ ಅಂತ ಕಾಯ್ತಾ ಕೂತಿವ್ನಿ. ಪಾಸ್‌ಪೋರ್ಟ್ ತಂದು ಮೂಗಿನ್ ಕೆಳ್ಗೆ ಇಟ್ಟೆ. ಆಗ್ಲಾದ್ರೂ ಅಂತೀಯಾ ಅಂದ್ರೆ, ಬತ್ತೀನಿ ಅಂತ ಯೋಳ್ಬುಡು ಅಂತೀಯಲ್ಲ!"

"ನೀನೇ ಕೇಳ್ಬೋದಿತ್ತಲ್ಲ."

"ಕೇಳಿ ಅನ್ಸ್ಕಂಡ್ರೆ ಅದು ನೀ ಅಂದಂಗಾ? ಈಗ ಅನ್ನು."

"ಇಲ್ಲಾ? ಟೀಚರ್ ಮುಂದೆ?"

"ಇಲ್ಲೇ."

ನಾನು ಎದ್ದು ನಿಂತೆ. ಬಾಯಿ ತೆರೆದೆ. ಅರ್ಧ ಊರನ್ನು ಮಣ್ಣಿಗೆ ಕಳಿಸಿದ ಕಂಠದಿಂದ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಪನಾಂಬಿಗೆ ನನ್ನ ಮೇಲೆ ಕನಿಕರ ಹುಟ್ಟಿತೆಂದು ಕಾಣುತ್ತದೆ. ತಾಯಿಯ ಮಡಿಲಿಂದ ಇಳಿದು ಬಂದು ನನ್ನ ಕಿರುಬೆರಳು ಹಿಡಿದುಕೊಂಡಳು.

"ಓಗ" ಎಂದಳು.

"ಓಗ" ಎಂದೆ.

"ಬ್ಯಾಡ."

"ಬ್ಯಾಡ."

"ನಿಮಿಯಾ."

"ನಿಮಿಯಾ" ಎಂದೆ, ಕಣ್ಣಿಂದ ಧಾರಾಕಾರವಾಗಿ ಸುರಿಯಿತು. ಟೀಚರ್ ದಿಗ್ನಾ ಕರ್ಚೀಫು ತೆಗೆದು ತಮ್ಮ ಪೌಡರನ್ನು ಕಾಪಾಡಿಕೊಂಡರು.

ಶುಕ್ರವಾರ ಜುಲ್ಮಾ ಫೋನ್ ಮಾಡಿದಾಗ ನಾನು ಒಲೆಯ ಹತ್ತಿರ ಈರುಳ್ಳಿ ಹೆಚ್ಚುತ್ತಿದ್ದೆ. ಮಗಳು ಪಕ್ಕದಲ್ಲೇ ಇದ್ದಳು. ನಿಮಿಯಾ ದನಿ ತಗ್ಗಿಸುವ ಗೋಜಿಗೇ ಹೋಗದೆ ಮಾತಾಡಿದಳು.

"ಇಲ್ಲ ಕಣೆ ಜುಲ್ಮಾ, ಬರಾಕಾಗಾಕಿಲ್ಲ. ನನ್ ಗಂಡಂಗೆ ಈಗಿನ್ನೂ ಮಾತ್ ಬತ್ತಾ ಅದೆ."