ಮೋಗುವಿನ ಜವಳ

ಕಾರಿನ ಗಾಜು ಏರಿಸುವ ಮೊದಲು ಪದ್ಮಾಬಾಯಿ ಆ ಒಂದು ಮಾತು ಹೇಳದೆ ಹೋಗಿದ್ದರೆ ಫಕೀರವ್ವ ಇವತ್ತಿಗೂ ಫೋಂಡಾದ ಆ ಫ್ಲ್ಯಾಟಿನಲ್ಲಿ ಫ್ಯಾನಿನ ಕೆಳಗೆ ಕೂತು ನಾಯಿಯ ಕಿವಿ ಬಾಚುತ್ತಿರುತ್ತಿದ್ದಳು. ಆದರೆ ಹೇಳಬೇಕಾದ್ದೆಲ್ಲ ಹೊರಡುವ ಹೊತ್ತಿಗೇ ನೆನಪಾಗುವುದು ಪದ್ಮಾಬಾಯಿಯ ಸ್ವಭಾವ. ಗಾಜಿನ ಸಂದಿಯಿಂದ ಮೂಗಷ್ಟೇ ಹೊರಗೆ ಹಾಕಿ, "ತೋ ರಡಲಾ ತರ ತ್ಯಾಲಾ ಜವಳ ಘೇ," ಎಂದರು. ಗಂಡ ವಸಂತ ಕಾರು ಬಿಟ್ಟರು. ಪಣಜಿಯಲ್ಲಿ ಮದುವೆಯ ಮುಹೂರ್ತ ಕಾಯುವಂತಿರಲಿಲ್ಲ.

ಫಕೀರವ್ವ ಮುದ್ದೇಬಿಹಾಳದ ಕಡೆಯಿಂದ ಗೋವಾಕ್ಕೆ ಬಂದು ಒಂದು ಮಳೆಗಾಲವೂ ಕಳೆದಿರಲಿಲ್ಲ. ಮೊದಲು ಸ್ಲ್ಯಾಬಿನ ಕೆಲಸಕ್ಕೆ ಜಲ್ಲಿ ಖಡಿಯ ಬುಟ್ಟಿ ಹೊತ್ತಳು. ಕುತ್ತಿಗೆ ಭುಜದೊಳಗೆ ಇಳಿದೇ ಹೋಗುತ್ತದೆ ಎನ್ನುವ ಹೊತ್ತಿಗೆ ಈ ಕೆಲಸ ಸಿಕ್ಕಿತು. ಕೆಲಸವೆಂದರೆ ಮೋಗು. ಅವನು ಸ್ಪ್ಯಾನಿಯಲ್ ಜಾತಿಯ ನಾಯಿ. ರಾಜರಾಣಿಯರ ತೊಡೆಯ ಮೇಲೆ ಕೂರಲೆಂದೇ ಸಾಕಿದ ಜಾತಿಯಂತೆ. ಬಿಳಿ ಮೈ, ಕಂದು ಕಿವಿ. ಆ ಕಿವಿಗಳು ಶಾಲೆಗೆ ಹೊರಟ ಹುಡುಗಿಯ ಎರಡು ಜಡೆಗಳ ಹಾಗೆ ಜೋತಾಡುತ್ತಿದ್ದವು. ದಿನಾ ಬಾಚದಿದ್ದರೆ ರೇಷ್ಮೆಯಂಥ ಕೂದಲು ಗಂಟು ಕಟ್ಟುತ್ತಿತ್ತು. ಉಣ್ಣುವಾಗ ಕಿವಿ ಹಿಂದಕ್ಕೆ ಕಟ್ಟಬೇಕು, ಜಳಕವಾದ ಮೇಲೆ ಕಿವಿಯೊಳಗೆ ಒರೆಸಬೇಕು, ಇಲ್ಲವಾದರೆ ಕೀವು. ಬಿಸಿಲಿಗೆ ಬಿಡಬಾರದು. ಒಂಟಿಯಾಗಿ ಬಿಡುವುದಂತೂ ಕೂಡದೇ ಕೂಡದು. ಕಳ್ಳ ಬಂದರೂ ಬಾಲ ಅಲ್ಲಾಡಿಸಿ ಒಳಗೆ ಕರೆಯುವ ಪ್ರಾಣಿ.

ಕೆಲವು ದಿನ ನೋಡಿ ಆಮೇಲೆ ಪರ್ಮನೆಂಟ್ ಮಾಡುತ್ತೇವೆ ಎಂದಿದ್ದರು ಪದ್ಮಾಬಾಯಿ. ಮೋಗುವನ್ನು ಅವಳೊಬ್ಬಳ ಕೈಗೆ ಒಪ್ಪಿಸಿ ಹೋದದ್ದು ಇದೇ ಮೊದಲು. ಇವತ್ತು ಪಾಸಾದರೆ ಫ್ಯಾನು, ಇಲ್ಲವಾದರೆ ಖಡಿ.

ಕೊಂಕಣಿ ತಿಳಿಯದ ಕೆಲಸದವಳಿಗೆ ಮರಾಠಿ ತಿಳಿದೇ ತಿಳಿಯುತ್ತದೆ ಎಂದು ಪದ್ಮಾಬಾಯಿಯ ನಂಬಿಕೆ. ಫಕೀರವ್ವ ಅರ್ಧ ಮಾತನ್ನು ಅವರ ಕೈಸನ್ನೆಯಿಂದ, ಇನ್ನರ್ಧವನ್ನು ಅಂದಾಜಿನಿಂದ ತಿಳಿದುಕೊಳ್ಳುತ್ತಿದ್ದಳು. ಇವತ್ತು ಕೈಗಳು ಕಾರಿನೊಳಗೇ ಉಳಿದವು. ಆದರೂ 'ರಡಲಾ' ಎಂದರೆ ಅತ್ತರೆ, 'ಘೇ' ಎಂದರೆ ತೆಗೆ, ತಗೋ. ಇನ್ನು ಜವಳ ಅವಳದೇ ಊರಿನ ಮಾತು, ಕೂಸಿನ ಹುಟ್ಟುಗೂದಲು ತೆಗೆಸುವ ಶಾಸ್ತ್ರ, ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅತ್ತರೆ ಜವಳ ತೆಗೆಸು. ಅವಳಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಕೂಸು ಒಂದೇ ಸಮ ಅತ್ತರೆ ಹರಕೆಯ ಜವಳ ಬಾಕಿ ಇದೆ ಎಂದು ಅವಳೂರಿನ ಮುದುಕಿಯರೂ ಹೇಳುತ್ತಿದ್ದರು. ಮೋಗುವಿಗೆ ವರ್ಷ ತುಂಬುತ್ತ ಬಂದಿತ್ತು, ಒಮ್ಮೆಯೂ ಕತ್ತರಿ ಮುಟ್ಟಿರಲಿಲ್ಲ.

ಕಾರು ತಿರುವು ದಾಟಿತೋ ಇಲ್ಲವೋ, ಮೋಗು ಬಾಗಿಲಿಗೆ ಮೂಗು ಹಚ್ಚಿ ಅಳತೊಡಗಿದ. ನೆಲ ಒರೆಸಿ ಮುಗಿಸಿದರೂ ಅಳುತ್ತಿದ್ದ. ಫಕೀರವ್ವ ಕೆಳಗಿಳಿದು ವಾಚ್‌ಮನ್ ಸಂಗಣ್ಣನನ್ನು ಕೇಳಿದಳು. ಅವನು ಬಾಗಲಕೋಟೆಯವನು, ಕೇಳದಿದ್ದರೂ ಸಲಹೆ ಕೊಡುವವನು.

"ಸಂಗಣ್ಣಾ, ನಾಯಿಗೂ ಜವಳ ತಗಸ್ತಾರೇನ?"

"ಇಲ್ಲೆ ನಾಯಿ ಹುಟ್ಟಿದ ದಿನಕ್ಕ ಕೇಕ್ ಕೊಯ್ತಾರ. ಜವಳ ಏನ್ ದೊಡ್ಡದ ಬಿಡ ಬೇ."

ಅವನಿಗೆ ಚಿಂತೆ ಇದ್ದದ್ದು ಬೇರೆಯದರದು. ಜವಳಕ್ಕೆ ಸೋದರಮಾವನ ತೊಡೆ ಬೇಕು. ಈ ನಾಯಿಯ ಮಾವನನ್ನು ಎಲ್ಲಿ ಹುಡುಕುವುದು? ಸ್ವಲ್ಪ ಹೊತ್ತು ಕೆಮ್ಮಿ, ತಾನೇ ಕೂರುತ್ತೇನೆಂದ. ಅಕ್ಕತಂಗಿಯರಿಲ್ಲದ ಸಂಗಣ್ಣನನ್ನು ಈವರೆಗೆ ಯಾರೂ ಈ ಕೆಲಸಕ್ಕೆ ಕರೆದಿರಲಿಲ್ಲ. ಯೂನಿಫಾರ್ಮಿನ ಗುಂಡಿ ಹಾಕಿಕೊಂಡು, ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟಿದ್ದ ಕ್ಷೌರಿಕ ಸೋಮಲಪ್ಪನನ್ನೂ ಅವನೇ ಕರೆತಂದ.

ಫಕೀರವ್ವ ಮೋಗುವಿನ ಹಣೆಗೆ ಕುಂಕುಮವಿಟ್ಟು ಆರತಿ ಬೆಳಗಿದಳು. ಜವಳದಲ್ಲಿ ಕೂಸುಗಳು ಮೈಮೇಲೆ ಕಟ್ಟಡ ಬಿದ್ದಂತೆ ಕಿರುಚುತ್ತವೆ. ಮೋಗು ಮಾತ್ರ ತೊಡೆ ಸಿಕ್ಕಿದ್ದೇ ತಡ ಅಳು ನಿಲ್ಲಿಸಿ ನಿದ್ದೆ ಹೋದ. "ನೋಡ ಮತ್ತ, ಹರಕಿ ಮುಟ್ಟಿತು," ಎಂದ ಸಂಗಣ್ಣ. ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು.

ಸೋಮಲಪ್ಪ ತಲೆಯಿಂದ ಮಷೀನು ಹಚ್ಚಿದ. ಕಿವಿ ಮುಗಿಸಿ ಕುತ್ತಿಗೆಗೆ ಬಂದಾಗ ಕೈ ತಡೆದು ಕೇಳಿದ: "ಇದರ ತಲಿ ಎಲ್ಲಿ ಮುಗಿತೈತಿ, ನಾಯಿ ಎಲ್ಲಿಂದ ಚಾಲೂ ಆಗತೈತಿ?"

ಮೂವರೂ ಬಗ್ಗಿ ನೋಡಿದರು. ಗಡಿ ಯಾರಿಗೂ ಸಿಗಲಿಲ್ಲ. ಅರ್ಧ ಜವಳ ಅಪಶಕುನವೆಂದು ಬಾಲದ ತುದಿಯವರೆಗೂ ಹೋದರು.

ಎಚ್ಚರವಾದ ಮೋಗು ಎಂದಿನಂತೆ ತಲೆ ಕೊಡವಿದ. ಜೋತಾಡಲು ಏನೂ ಇರಲಿಲ್ಲ. ಸಿಪ್ಪೆ ಸುಲಿದ ಗೆಣಸಿಗೆ ನಾಲ್ಕು ಕಾಲು ಚುಚ್ಚಿದಂತಿದ್ದ. ಫಕೀರವ್ವ ದಿನಾ ಬಾಚುತ್ತಿದ್ದ ಮೋಗುವೆಲ್ಲ ನೆಲದ ಮೇಲೆ ಬಿದ್ದಿತ್ತು. ಅದನ್ನು ಗುಡಿಸಲು ಅವಳಿಗೆ ಕೈ ಬರಲಿಲ್ಲ.

ಅಷ್ಟರಲ್ಲಿ ಆರತಿಯ ವಾಸನೆ ಹಿಡಿದು ಮೇಲಿನ ಮನೆಯ ಜಯಶ್ರೀ ಇಳಿದು ಬಂದಳು. ಧಾರವಾಡದವಳು, ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ, ಮರಾಠಿ, ಕೊಂಕಣಿ ಎರಡೂ ನೀರು ಕುಡಿದಂತೆ. ಬಾಗಿಲಲ್ಲೇ ನಿಂತು, ಇದು ಯಾರ ಮನೆಯ ಇಲಿ ಎಂದು ಕೇಳಿದಳು. ಫಕೀರವ್ವ ಪದ್ಮಾಬಾಯಿಯ ಮಾತನ್ನು ಇದ್ದದ್ದು ಇದ್ದಂತೆ ಒಪ್ಪಿಸಿದಳು.

ಜಯಶ್ರೀ ಹಣೆ ಹಿಡಿದುಕೊಂಡಳು. "ಮರಾಠಿಯೊಳಗ ಜವಳ ಅಂದ್ರ ಹತ್ತರ, ಫಕೀರವ್ವಾ. ಅತ್ರ ಹತ್ತರ ತಗೋ, ಎದಿಗವಚಿಕೋ ಅಂತ ಹೇಳ್ಯಾರವರು."

ಸೋಮಲಪ್ಪ ಮಷೀನು ಚೀಲಕ್ಕೆ ಹಾಕಿದ. ಸೋದರಮಾವನಿಗೆ ಗೇಟಿನಲ್ಲಿ ಹಾರ್ನ್ ಕೇಳಿಸಿತು. ಬೇರೆ ಯಾರಿಗೂ ಕೇಳಿಸಲಿಲ್ಲ. ಈ ಜಾತಿಗೆ ಮಷೀನು ಹಚ್ಚಬಾರದೆಂದೂ, ಬಿಸಿಲಿಗೂ ಚಳಿಗೂ ಆ ಕೂದಲೇ ಕಾವಲೆಂದೂ, ಮತ್ತೆ ಬಂದರೂ ಹಿಂದಿನ ರೇಷ್ಮೆ ಬರಲಿಕ್ಕಿಲ್ಲವೆಂದೂ ಜಯಶ್ರೀ ಒಂದೊಂದಾಗಿ ಹೇಳಿದಳು. ಫಕೀರವ್ವ ನೆಲದ ಮೇಲೆ ಕೂತು ಮೋಗುವನ್ನು ಎದೆಗವಚಿಕೊಂಡಳು. ಅವನು ಏನೂ ಆಗಿಲ್ಲವೆಂಬಂತೆ ಅವಳ ಗದ್ದ ನೆಕ್ಕಿದ. ಇದ್ದ ಕೆಲಸ ಇಷ್ಟೇ ಆಗಿತ್ತು. ಅದಕ್ಕೆ ಮಾವ ಬೇಕಿರಲಿಲ್ಲ, ಆರತಿ ಬೇಕಿರಲಿಲ್ಲ, ಬರೀ ಎರಡು ಕೈ ಸಾಕಿತ್ತು.

ಬೋಳು ಮೈ ಮುಚ್ಚಲು ಜಯಶ್ರೀ ತನ್ನ ಮಗಳ ಹಳೆಯ ಸ್ವೆಟರ್ ತಂದಳು. ಬೆವರು ಬಸಿಯುವ ಗೋವಾದ ಸೆಖೆಯಲ್ಲಿ ಉಣ್ಣೆಯ ಅಂಗಿ ತೊಟ್ಟ ಮೋಗು ಸಂಜೆಯವರೆಗೆ ಕುರ್ಚಿಯ ಕೆಳಗೆ ಏದುಸಿರು ಬಿಟ್ಟ. ಫಕೀರವ್ವ ರಟ್ಟಿನಿಂದ ಗಾಳಿ ಬೀಸುತ್ತ ಕೂತಳು. ಕಾರು ಬಂತು. ಸಿಟ್ಟು ಇಟ್ಟುಕೊಳ್ಳುವುದು ಆ ಜಾತಿಗೆ ಗೊತ್ತಿಲ್ಲ. ಮೋಗು ಓಡಿಹೋಗಿ ಪದ್ಮಾಬಾಯಿಯ ಮೇಲೆ ಹಾರಿದ. ಅವರು ಎತ್ತಿಕೊಳ್ಳಹೋದರೆ ಸ್ವೆಟರ್ ಕೈಗೆ ಬಂತು, ನಾಯಿ ನೆಲದಲ್ಲೇ ಉಳಿಯಿತು.

ಪದ್ಮಾಬಾಯಿ ಮದುವೆಯ ಸೀರೆಯಲ್ಲೇ ಕೂತು ಅತ್ತರು. ಫಕೀರವ್ವನೂ ಅತ್ತಳು. ಜಯಶ್ರೀ ನಡೆದದ್ದನ್ನೆಲ್ಲ ಹೇಳಿದಳು. ವಸಂತ ಮಾತ್ರ ಮೋಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೈ ಸವರಿ, ಕೆಳಗಿಳಿಸಿ, ತಮ್ಮ ಪ್ಯಾಂಟನ್ನೇ ನೋಡುತ್ತ ನಿಂತರು. ಒಂದೇ ಒಂದು ಕೂದಲು ಅಂಟಿರಲಿಲ್ಲ. ಅವರು ನಕ್ಕರು. ಆಮೇಲೆ ಕೊಂಕಣಿಯಲ್ಲಿ ಬಹಳ ಹೊತ್ತು ಮಾತಾಡಿದರು. ಪದ್ಮಾಬಾಯಿ ಮೊದಲು ತಲೆ ಅಡ್ಡಡ್ಡ ಆಡಿಸಿದರು, ಆಮೇಲೆ ಮೂಗು ಒರೆಸಿಕೊಂಡರು, ಕೊನೆಗೆ ಹ್ಞೂಂ ಎಂದರು.

ಜಯಶ್ರೀಯ ಮುಖ ಅರಳಿತು. "ಸಾಹೇಬರಿಗೆ ಭಾಳ ಖುಷಿ ಆಗೇದ. ಬ್ಯಾಳ್ಯಾಗ ಕೂದಲ, ಹಾಸಿಗ್ಯಾಗ ಕೂದಲ ಅಂತ ವರ್ಷೆಲ್ಲಾ ಹೇಳಿದ್ರೂ ಬಾಯಾರು ಕೇಳಿರಲಿಲ್ಲಂತ. ಇನ್ನ ಯಾವಾಗ್ಲೂ ಹಿಂಗ ಬೋಳಸ್ತಾರಂತ. ಭಾಳ ಚಲೋ ಮಾಡಿದಿ ಅಂದ್ರು."

ಫಕೀರವ್ವನಿಗೆ ಉಸಿರು ಬಂತು. "ಹಂಗಾರ ನಾ ಪರ್ಮನೆಂಟ್ ಏನ್ರಿ, ಕೇಳ್ರಿ."

ಜಯಶ್ರೀ ಕೇಳಿದಳು. ವಸಂತ ನಗುನಗುತ್ತಲೇ ಉತ್ತರ ಕೊಟ್ಟರು. ಜಯಶ್ರೀ ಅದನ್ನು ಕನ್ನಡಕ್ಕೆ ತರುವ ಮೊದಲು ಗೋಡೆ ನೋಡಿದಳು.

"ಇನ್ನ ಬಾಚೂದಿಲ್ಲ, ಗಂಟ ಬಿಡಸೂದಿಲ್ಲಂತ. ಹಗಲೊತ್ತು ತಾವ ತಮ್ಮ ಅಂಗಡಿಗೆ ಕರಕೊಂಡ ಹೋಗ್ತಾರಂತ. ನಾಳಿಯಿಂದ ಆಳಿನ ಜರೂರ ಇಲ್ಲಂತ, ಫಕೀರವ್ವಾ."

ಪದ್ಮಾಬಾಯಿ ಮದುವೆಯಲ್ಲಿ ಕೊಟ್ಟ ಲಾಡು ತಂದು ಅವಳ ಕೈಗಿಟ್ಟು, ಬೆನ್ನು ತಟ್ಟಿದರು. ವಸಂತ ಕೈಯೆತ್ತಿ ಮುಗಿದರು. ಬೈದಿದ್ದರೆ ಕಾಲಾದರೂ ಹಿಡಿಯಬಹುದಿತ್ತು. ಇಷ್ಟು ಹೊಗಳಿದವರ ಕಾಲನ್ನು ಏನೆಂದು ಹಿಡಿಯುವುದೋ ಫಕೀರವ್ವನಿಗೆ ತಿಳಿಯಲಿಲ್ಲ.