ಮದುವೆಗೆ ಕಪ್ಪೆ ಕೊಡದ ಬಾಮೈದ

ನನ್ನ ಬಾಮೈದನಿಗೆ ತಲೆ ನೆಟ್ಟಗಿದೆ ಎಂದು ಅಂತರಘಟ್ಟೆ ಅಮ್ಮನ ಮುಂದೆ ಬೇಕಾದರೂ ಪ್ರಮಾಣ ಮಾಡುತ್ತೇನೆ. ಕಪ್ಪೆಯ ಮಾತು ಬಂದರೆ ಮಾತ್ರ ಆ ಪ್ರಮಾಣ ವಾಪಸ್ಸು!

ಅವನು ಕಡೂರಿನಲ್ಲಿ ಕಾಲೇಜೊಂದರ ಅಟೆಂಡರ್ ಆಗಿದ್ದು ನಿವೃತ್ತನಾದವನು. ನಾನು ಆರನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಅಜ್ಜಂಪುರದ ಹತ್ತಿರ ತೆಂಗು ಬೆಳೆಸಿದವನು. ತೋಟದ ಕೃಷಿ ಹೊಂಡ ನನ್ನ ಬೆವರು. ಈಗ ಅದಕ್ಕೆ ಯಜಮಾನ ಅವನು! ವಾರಕ್ಕೆರಡು ಸಲ ಬಸ್ಸಿಳಿದು ಬರುತ್ತಾನೆ, ನೀರಿಗೆ ಥರ್ಮಾಮೀಟರ್ ಅದ್ದುತ್ತಾನೆ.

“ಭಾವ, ನೀರು ಕಾದೋಗೈತೆ. ಬಿಸಿಲಿಗೆ ಬಳಲಿದ್ ಕಪ್ಪೆಗೆ ರೋಗ ತಡಿಯೋ ತಾಕತ್ತಿರಲ್ಲ. ಚರ್ಮಕ್ಕೆ ಬೂಷ್ಟು ಹತ್ತಿ ಸಾಯ್ತವೆ.”

“ಬೆಳಗಿಂದ ಪಾತಿ ಅಗೆದು ನಾನೂ ಬಳಲಿದೀನಿ ಕಣೋ! ನನ್ ಚರ್ಮ ಯಾರ್ ನೋಡ್ತಾರೆ?”

“ನೀವು ಚರ್ಮದಲ್ಲಿ ಉಸಿರಾಡಲ್ವಲ್ಲ ಭಾವ.”

ಅಷ್ಟಕ್ಕೇ ನಿಲ್ಲಲಿಲ್ಲ. ಕೊಟ್ಟಿಗೆಗೆ ಹೊದಿಸಲೆಂದು ನಾನು ಹೆಣೆದಿಟ್ಟಿದ್ದ ತೆಂಗಿನ ಸೋಗೆಯನ್ನೆಲ್ಲ ಒಯ್ದು ಹೊಂಡಕ್ಕೆ ಚಪ್ಪರ ಹಾಕಿದ. ಎಮ್ಮೆ ಬಿಸಿಲಲ್ಲಿ, ಕಪ್ಪೆ ನೆರಳಲ್ಲಿ!

ಹೋದ ವರ್ಷ ಮಳೆ ತಡವಾಯಿತು. ಕಪ್ಪೆಗಳಿಗೆ ಮದುವೆ ಮಾಡಿದರೆ ಮಳೆ ಬರುತ್ತದೆಂದು ಊರವರು ಗಂಡು ಕೇಳಿಕೊಂಡು ನಮ್ಮ ಹೊಂಡಕ್ಕೆ ಬಂದರು. ಹೆಣ್ಣು ತರೀಕೆರೆ ಕಡೆಯದು, ಆಗಲೇ ಬಿಂದಿಗೆಯಲ್ಲಿ ಕೂತಿತ್ತು. ಇವನು ಒಂದು ಗಂಡನ್ನು ಹಿಡಿದು ಮಗುಚಿ ನೋಡಿದ.

“ಹೊಟ್ಟೆ ಕೆಂಪಾಗೈತೆ, ಚರ್ಮ ಸುಲೀತಾ ಐತೆ. ಇದ್ರ ರೋಗ ಹೆಣ್ಣಿಗೂ ಹತ್ತುತ್ತೆ, ಅದನ್ನ ವಾಪಸ್ ಬಿಟ್ರೆ ಅಲ್ಲಿನ್ ನೀರಿಗೂ ಹೋಗುತ್ತೆ. ಈ ಸಂಬಂಧ ಆಗಲ್ಲ!”

“ಲೇ, ನಿನ್ ಮಗನ್ನ ಕೇಳಕ್ ಬಂದಿಲ್ಲ ಕಣೋ!” ಎಂದು ಊರ ಹಿರಿಯರೊಬ್ಬರು ರೇಗಿದರು.

“ಮಗನಾಗಿದ್ರೆ ಕೊಟ್ಬಿಡ್ತಿದ್ದೆ ಗೌಡ್ರೇ.”

ಕೊನೆಗೆ ಜೇಡಿಮಣ್ಣಿನ ಕಪ್ಪೆಗಳಿಗೆ ತಾಳಿ ಬಿತ್ತು. ಊರಲ್ಲಿ ತಲೆ ತಗ್ಗಿಸಿದವನು ಯಾರು? ಹೊಂಡ ತೋಡಿದ ನಾನು!

ಮೊನ್ನೆ ಬದುವಿನ ಕಳೆಗೆ ಔಷಧಿ ಹೊಡೆಯೋಣವೆಂದು ಸ್ಪ್ರೇಯರ್ ಬೆನ್ನಿಗೇರಿಸಿದೆ. ಇವನು ಬದುವಿನ ಮೇಲೆ ಕಾಲು ಚಾಚಿ ಕೂತ.

“ಬಿಸಿಲಿಗೇ ಅರ್ಧ ಸತ್ತವೆ ಭಾವ. ಈ ವಿಷ ನೀರಿಗಿಳಿದ್ರೆ ಉಳಿದವೂ ರೋಗ ತಡ್ಕೊಳಲ್ಲ.”

“ಏಳೋ ಮೇಲೆ! ಓದಿಲ್ಲ ಅಂತ ನಂಗೇ ಪಾಠ ಹೇಳ್ತೀಯಾ? ನನ್ ಹೊಂಡ, ನನ್ ಕಳೆ!”

ಅವನು ಏಳಲಿಲ್ಲ. ನೀರನ್ನೇ ನೋಡುತ್ತ ಹೇಳಿದ: “ಕಾಲೇಜಲ್ಲಿ ಹುಡುಗ್ರು ಕುಯ್ಯಕ್ಕೆ ಕಪ್ಪೆ ಹಿಡ್ಕೊಡ್ತಿದ್ದೋನು ನಾನೇ ಭಾವ. ಒಂದೇ ಕೆರೆಯಿಂದ ಗೋಣಿಚೀಲ ತುಂಬ್ಕೊಂಡ್ ಹೋಗ್ತಿದ್ದೆ. ಆ ಕೆರೇಲಿ ಈಗ ಮಳೆ ಬಂದ್ರೂ ಒಂದೂ ಕೂಗಲ್ಲ.”

ನಾನು ಸ್ಪ್ರೇಯರ್ ಇಳಿಸಿ, ಮನೆಯಿಂದ ಎರಡು ಕುಡುಗೋಲು ತಂದೆ. ಇಬ್ಬರೂ ಕಳೆ ಕೊಯ್ಯತೊಡಗಿದೆವು. ಸ್ವಲ್ಪ ಹೊತ್ತಿಗೆಲ್ಲ ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಕುಡುಗೋಲು ಕಿತ್ತುಕೊಂಡೆ.

“ಬಿಡೋ, ಮಿಕ್ಕಿದ್ದು ನಾನ್ ಕೊಯ್ತೀನಿ,” ಎಂದೆ. “ನೀನು ಹೋಗಿ ನಮ್ ಕಪ್ಪೆ ಹೆಂಗವೆ ನೋಡು.”